ರವಿಕೆ ಬಟ್ಟೆ ಬೇಡವೆಂದ ಇಂಜಿನಿಯರಮ್ಮ

ಕೊಟ್ಟದ್ದನ್ನು ತೆಗೆದುಕೊಳ್ಳುವ ಸರ್ಕಾರಿ ಮನುಷ್ಯರನ್ನು ಕಂಡರೆ ನನಗೆ ಯಾವತ್ತೂ ಭಯವಾದದ್ದಿಲ್ಲ. ಅವರೂ ನಮ್ಮ ಹಾಗೆ ಹೊಟ್ಟೆ ಇರುವ ಜನ. ಹೊಟ್ಟೆ ಎಲ್ಲಿದೆ ಎಂದು ಗೊತ್ತಾದರೆ ಅವರನ್ನು ತಲುಪುವ ದಾರಿಯೂ ಗೊತ್ತಾಗುತ್ತದೆ. ನನ್ನ ಎದೆ ಹೊಡೆದುಕೊಳ್ಳುವುದು ಕೊಟ್ಟರೂ ಬೇಡ ಎನ್ನುವವರನ್ನು ಕಂಡಾಗ. ಒಂದು ಲೋಟ ಕಾಫಿಯನ್ನೂ ಮುಟ್ಟದೆ ಎದ್ದು ಹೋಗುವ ಆಫೀಸರನ್ನು ಎಲ್ಲಿ ಹಿಡಿದುಕೊಳ್ಳುವುದು? ಹಿಡಿಯೇ ಇಲ್ಲದ ಬಾಣಲೆ ಒಲೆಯ ಮೇಲೆ ಕುದಿಯುತ್ತಿದ್ದ ಹಾಗೆ. ಇಂಥ ಒಬ್ಬಳ ಕೈಗೆ ಹೋದ ತಿಂಗಳು ನಾನು ಸಿಕ್ಕಿಬಿದ್ದೆ. ಅದನ್ನು ಹೇಳುತ್ತೇನೆ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ತಮಿಳಿನಲ್ಲಿ. ನಮ್ಮ ಕಡೆ ಕನ್ನಡ ಹೊಸಲಿನಿಂದ ಒಳಗೆ, ತಮಿಳು ಹೊಸಲಿನಿಂದ ಆಚೆಗೆ. ಆದ್ದರಿಂದ ಹೇಳುವುದು ನಾನು, ಬರೆಯುವುದು ಕೊಳ್ಳೇಗಾಲದಿಂದ ಬಂದ ನನ್ನ ಸೊಸೆ ಸುಜಾತ. ಅವಳ ವಿಷಯವಾಗಿ ನಾನು ಹೇಳಿದ್ದನ್ನು ಬರೆಯುತ್ತಾಳೋ ನುಂಗುತ್ತಾಳೋ ಎಂದು ಓದಿ ನೋಡಲು ನನಗೆ ಬರುವುದಿಲ್ಲ. ಅದು ಅವಳಿಗೂ ಗೊತ್ತು.

ಹಿಂದೆ ನಮ್ಮ ಬೀದಿಗೆ ಒಬ್ಬ ಓವರ್‌ಸಿಯರ್ ಬರುತ್ತಿದ್ದ. ನಿಂತಲ್ಲೇ ತೆಗೆದುಕೊಳ್ಳುವವನು. ತೆಂಗಿನಕಾಯಿ ಕಂಡರೆ ತೆಂಗಿನಕಾಯಿ, ಮಗ್ಗದ ಮೇಲೆ ಟವೆಲ್ ಕಂಡರೆ ಟವೆಲ್. ಒಂದು ಸಲ ಏನೂ ಕಾಣದೆ ನಮ್ಮ ಮಾಡಿನ ಮೇಲೆ ಬಳ್ಳಿಯಲ್ಲಿದ್ದ ಕುಂಬಳಕಾಯಿಯನ್ನು ತೋರಿಸಿ ಬಲಿತಿದೆಯಾ ಎಂದು ಕೇಳಿದ. ಬಲಿತಿರಲಿಲ್ಲ. ಬಲಿಯುವವರೆಗೆ ಕಾದು ಮತ್ತೆ ಬಂದ. ಅಂಥ ಶ್ರದ್ಧೆ. ಬೀದಿ ದೀಪದ ಕಂಬವನ್ನು ನಮ್ಮ ಬಾಗಿಲ ಮುಂದೆಯೇ ಹಾಕಿಸುತ್ತೇನೆಂದು ಹೇಳಿ ಕುಂಬಳಕಾಯಿ ಒಯ್ದ. ಎದುರು ಮನೆಯವರಿಗೂ ಅದೇ ಮಾತು ಕೊಟ್ಟು ಕೋಳಿ ಒಯ್ದಿದ್ದನೆಂದು ಆಮೇಲೆ ತಿಳಿಯಿತು. ಪಾಪ, ಇಬ್ಬರಲ್ಲಿ ಯಾರಿಗೂ ಅನ್ಯಾಯವಾಗಬಾರದೆಂದು ಕಂಬವನ್ನು ಇಬ್ಬರ ನಡುವೆ ಬೇವಿನ ಮರದ ಕೊಂಬೆಗಳ ಒಳಗೆ ನೆಡಿಸಿದ. ಇವತ್ತಿಗೂ ಆ ದೀಪದ ಬೆಳಕು ಕಾಗೆಗಳಿಗೆ. ಆದರೂ ನಮ್ಮ ಬೀದಿಯಲ್ಲಿ ಅವನ ಬಗ್ಗೆ ಒಳ್ಳೆಯ ಮಾತೇ ಇದೆ. ತಿಂದ, ಆದರೆ ಕೆಲಸ ಮಾಡಿದ ಎನ್ನುತ್ತಾರೆ. ಕೆಲಸ ಯಾರಿಗೆ ಮಾಡಿದ ಎಂದು ಕಾಗೆಗಳನ್ನು ಕೇಳಬೇಕು.

ಇನ್ನು ನನ್ನ ಕಷ್ಟಕ್ಕೆ ಬರುತ್ತೇನೆ. ನಮ್ಮ ಊರು ತಮಿಳು ಸೀಮೆಯಲ್ಲಿ, ಅನ್ನೂರಿನ ಹತ್ತಿರ. ಟೌನ್ ಬಸ್ಸು ಮನಸ್ಸು ಬಂದಾಗ ಬರುತ್ತದೆ. ಬೀದಿಯಲ್ಲಿ ಎಲ್ಲರೂ ನೇಕಾರರು, ಎಲ್ಲರೂ ನಮ್ಮವರೇ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿರುತ್ತದೆ; ನೇಯುವವನು ನೆಲದ ಅಂಚಿನಲ್ಲಿ ಕೂತು ಕಾಲನ್ನು ಆ ಗುಂಡಿಗೆ ಇಳಿಬಿಟ್ಟು ಕೆಳಗಿನ ಹಲಗೆಗಳನ್ನು ತುಳಿಯಬೇಕು. ನನ್ನ ಮಾವ ತುಳಿದ, ಗಂಡ ತುಳಿದ, ಈಗ ಮಗ ಮಲ್ಲೇಶ ತುಳಿಯುತ್ತಾನೆ. ಹೊಕ್ಕಿನ ನೂಲನ್ನು ತೊಟ್ಟಿಯಲ್ಲಿ ನೆನೆಹಾಕಿ, ಹಿಂಡಿ, ರಾಟೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ಸುತ್ತಿಕೊಡುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಪಟ್ಟಣ ಪಂಚಾಯಿತಿಯವರು ನಮ್ಮ ಬೀದಿಗೆ ಮನೆಮನೆಗೂ ನಲ್ಲಿ ಕೊಟ್ಟರು. ಅದೇ ಬೇಸಿಗೆಯಲ್ಲಿ ಬೀದಿಯ ಎರಡು ಕಡೆಗೂ ಸಿಮೆಂಟಿನ ಚರಂಡಿ ಕಟ್ಟಿದರು. ಅದಾದ ಮೇಲೆ ನಮ್ಮ ಮಗ್ಗದ ಗುಂಡಿಯಲ್ಲಿ ನೀರು ಕಾಣಿಸಿಕೊಳ್ಳತೊಡಗಿತು. ಮೊದಲು ತೇವ, ಆಮೇಲೆ ಕೆಸರು, ಈ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಪಾದ ಮುಳುಗುವಷ್ಟು ನೀರು. ಹಲಗೆ ಉಬ್ಬಿತು, ಕಟ್ಟಿದ ಹಗ್ಗ ಕೊಳೆಯಿತು, ಮಗ್ಗಕ್ಕೆ ಬಿಗಿದ ಹಾಸಿನ ನೂಲಿನ ಮೇಲೆ ಬೂಷ್ಟು ಹಿಡಿಯಿತು. ಇದು ಚರಂಡಿಯವರ ಕೆಲಸವೇ ಎಂದು ನಾನು ತೀರ್ಮಾನ ಮಾಡಿದೆ. ನಲ್ಲಿ ಕೊಟ್ಟವರನ್ನು ಹರಸಿದೆ, ಚರಂಡಿ ಕಟ್ಟಿದವರನ್ನು ಬೈದೆ. ಇಬ್ಬರೂ ಒಂದೇ ಆಫೀಸಿನವರು ಎನ್ನುವುದು ಬೈಗುಳಕ್ಕೆ ಅಡ್ಡಿಯಾಗಲಿಲ್ಲ.

ಒಂದು ದಿನ ಮಲ್ಲೇಶ ಗುಂಡಿಯಿಂದ ಕಾಲು ಎತ್ತಿ ಒರೆಸಿಕೊಳ್ಳುತ್ತಾ ಹೇಳಿದ: "ಅಮ್ಮಾ, ಇನ್ನ ನನ್ನ ಕೈಲಿ ಆಗಲ್ಲ. ಈ ಹಾಸು ಮುಗಿದ್ಮೇಲೆ ಗುಂಡಿಗೆ ಮಣ್ಣಾಕಿ ಮುಚ್ಚಿಬಿಟ್ಟು ತಿರುಪ್ಪೂರ್ ಬಸ್ ಹತ್ತೀನಿ. ಬನಿಯನ್ ಕಂಪನೀಲಿ ಕಾಲಾದ್ರೂ ಒಣಗಿರುತ್ತೆ."

ಅವನು ಸಿಟ್ಟಿನಲ್ಲಿ ಹೇಳಿದ್ದರೆ ನಾನು ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆದರೆ ಸಮಾಧಾನವಾಗಿ ಹೇಳಿದ. ಆ ಕಂಪನಿಯಲ್ಲಿ ಕೆಲಸ ಮಾಡುವ ಅವನ ಗೆಳೆಯ ಇವನಿಗೊಂದು ಕೆಲಸಕ್ಕೆ ಹೇಳಿಯೂ ಆಗಿತ್ತು. ಮಗ್ಗ ನಮ್ಮ ದೇವರು, ಅದನ್ನು ಬಿಟ್ಟರೆ ಉಸಿರಿಲ್ಲ ಎಂದೆಲ್ಲ ಕೆಲವರು ಹೇಳುತ್ತಾರೆ. ನನಗೆ ಹಾಗೇನೂ ಇಲ್ಲ. ಮಗ್ಗ ಎಂದರೆ ಮರ. ನನ್ನ ಚಿಂತೆ ಬೇರೆ. ಮಗ ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬಂದರೆ, ಹಗಲೆಲ್ಲ ಮನೆಯಲ್ಲಿ ಇರುವವರು ನಾನು ಮತ್ತು ಸುಜಾತ. ಈಗ ನಮ್ಮಿಬ್ಬರ ನಡುವೆ ಮಗ್ಗದ ಸದ್ದು ಇದೆ. ಅವಳು ಗೊಣಗಿದ್ದು ನನಗೆ ಕೇಳಿಸುವುದಿಲ್ಲ, ನಾನು ಗೊಣಗಿದ್ದು ಅವಳಿಗೆ ಕೇಳಿಸುವುದಿಲ್ಲ. ಆ ಸದ್ದು ನಿಂತರೆ ಈ ಮನೆ ನಿಲ್ಲುವುದಿಲ್ಲ ಎಂದು ನನಗೆ ಖಂಡಿತ ಗೊತ್ತಿತ್ತು. (ಇದನ್ನು ಬರೆಯುವಾಗ ಸುಜಾತ ನಕ್ಕಳು. ಬರೆದಳು ಎಂದು ಅದರಿಂದಲೇ ಗೊತ್ತಾಯಿತು.)

ಆದ್ದರಿಂದ ಪಂಚಾಯಿತಿ ಆಫೀಸಿಗೆ ಹೋದೆ. ಹೋಗಿ ಮೆಲ್ಲಗೆ ಹೇಳಲಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಮಗ್ಗದ ಸದ್ದಿನ ಮೇಲೆ ಮಾತಾಡಿ ಅಭ್ಯಾಸ, ಗಂಟಲು ದೊಡ್ಡದು. "ನಿಮ್ಮ ಮೋರಿ ನೀರು ನನ್ನ ಮನೆಯೊಳಗೆ, ನನ್ನ ಮಗ ತಿರುಪ್ಪೂರಿಗೆ, ನೀವು ಫ್ಯಾನಿನ ಕೆಳಗೆ!" ಎಂದು ತಮಿಳಿನಲ್ಲಿ ಕೂಗಿದೆ. ಒಳಗಿನ ಗುಮಾಸ್ತ ಕಿವಿ ಮುಚ್ಚಿಕೊಂಡು, ಬರೆದುಕೊಳ್ಳುತ್ತೇನೆ ಹೋಗು ಪಾಟಿ ಎಂದ. ಪಾಟಿ ಎಂದರೆ ಅಜ್ಜಿ. ಮುಂದಿನ ವಾರ ಮತ್ತೆ ಹೋಗಿ ಕೂಗಿದೆ. ಅದರ ಮುಂದಿನ ವಾರವೂ ಹೋದೆ. ಆಗ ಹೊಸದಾಗಿ ಬಂದಿದ್ದ ಇಂಜಿನಿಯರಮ್ಮ ಒಳಗಿಂದ ಎದ್ದು ಬಂದು, ಗುರುವಾರ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ ಎಂದಳು. ನಂಬಲಿಲ್ಲ. ಗುರುವಾರ ಬೆಳಿಗ್ಗೆ ಸ್ಕೂಟಿ ನಮ್ಮ ಬಾಗಿಲಲ್ಲಿ ನಿಂತಾಗ ನಾನು ಇನ್ನೂ ಹಲ್ಲುಜ್ಜುತ್ತಿದ್ದೆ.

ಸಣ್ಣ ಹುಡುಗಿ. ಕೊರಳಲ್ಲಿ ತಾಳಿ, ಕೈಯಲ್ಲಿ ಅಳತೆ ಟೇಪು, ಬಾಯಲ್ಲಿ ಮಾತು ಕಡಿಮೆ. ಚರಂಡಿಯ ಕಲ್ಲು ಎತ್ತಿಸಿ ನೋಡಿದಳು, ಮಗ್ಗದ ಗುಂಡಿಯನ್ನು ಬಗ್ಗಿ ನೋಡಿದಳು, ಫೋಟೋ ಹಿಡಿದಳು. ಸುಜಾತ ಕಾಫಿ ತಂದಳು. "ವೇಂಡಾಂಗ" ಎಂದಳು, ಬೇಡ ಎಂದು, ಮರ್ಯಾದೆಯಾಗಿಯೇ. ಚೀಲದಿಂದ ತನ್ನದೇ ನೀರಿನ ಬಾಟಲಿ ತೆಗೆದು ಕುಡಿದಳು. ಅಷ್ಟಾದರೆ ಆಗಲಿ ಎನ್ನಬಹುದಿತ್ತು. ಆದರೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ಮಗ್ಗ ಇರುವ ಮನೆಗೆ ಮೊದಲ ಸಲ ಬಂದ ಮುತ್ತೈದೆಯನ್ನು ಕುಂಕುಮ ಕೊಟ್ಟು, ರವಿಕೆ ಬಟ್ಟೆ ಕೊಟ್ಟು ಕಳುಹಿಸಬೇಕು. ಅವಳು ಯಾರಾದರೂ ಸರಿ. ಬರಿಗೈಯಲ್ಲಿ ಕಳುಹಿಸಿದರೆ ಮಗ್ಗ ಬರಿದಾಗುತ್ತದೆ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ನಾನು ಗಂಡ ಸತ್ತವಳು. ಆದ್ದರಿಂದ ಸುಜಾತಳ ಕೈಲಿ ತಟ್ಟೆ ಕೊಡಿಸಿದೆ. ಒಳ್ಳೆಯ ಹಸಿರು ಬಟ್ಟೆ, ನಮ್ಮ ಮಗ್ಗದ್ದೇ. ಹುಡುಗಿ ಕುಂಕುಮ ಇಟ್ಟುಕೊಂಡಳು. ಬಟ್ಟೆಯನ್ನು ಮುಟ್ಟಲಿಲ್ಲ.

"ಡ್ಯೂಟಿ ಮೇಲೆ ಬಂದಿದ್ದೀನಿ ಪಾಟಿ. ಕುಂಕುಮ ಸಾಕು."

"ಇದು ಲಂಚ ಅಲ್ಲಮ್ಮ, ಪದ್ಧತಿ" ಎಂದೆ.

"ಗೊತ್ತು ಪಾಟಿ. ಆದ್ರೂ ಬೇಡ" ಎಂದು ಹೆಲ್ಮೆಟ್ ಹಾಕಿಕೊಂಡು ಹೋದಳು.

ಇದನ್ನೆಲ್ಲ ನಮ್ಮ ಜಗಲಿಯ ಮೇಲೆ ಕೂತು ಪಕ್ಕದ ಮನೆಯ ಸೀನಪ್ಪ ನೋಡುತ್ತಿದ್ದ. ನೂಲಿನ ಮಿಲ್ಲಿನಲ್ಲಿ ಕೆಲಸ ಮಾಡಿ ರಿಟೈರಾದವನು. ಮಿಲ್ಲು ಬಿಟ್ಟ ಮೇಲೆ ಬೇರೆಯವರ ಸಂಗತಿಗಳನ್ನು ನೂಲುವ ಕೆಲಸ ಹಿಡಿದಿದ್ದಾನೆ.

"ಏನಕ್ಕಾ, ಬಟ್ಟೆ ತಕ್ಕೊಳ್ಳಿಲ್ವಾ?" ಎಂದ.

"ಇಲ್ಲ."

"ಕಾಫೀನೂ?"

"ಇಲ್ಲ."

"ಹಾಗಾದ್ರೆ ಮುಗೀತು ಬಿಡು. ಮಾಡೋ ಮನಸ್ಸಿದ್ರೆ ಕಾಫಿ ಆದ್ರೂ ಕುಡೀತಿದ್ಳು. ಒಂದಾ, ಚರಂಡಿ ಕಂಟ್ರಾಕ್ಟರ್ ಮೊದಲೇ ಅವಳ ಕೈ ಬೆಚ್ಚಗೆ ಮಾಡವ್ನೆ. ಇಲ್ಲಾ, ರವಿಕೆ ಬಟ್ಟೆ ಸಣ್ಣದಾಯ್ತು, ಸೀರೆ ಬೇಕು."

"ಕುಂಕುಮ ತಗೊಂಡ್ಳಲ್ಲಪ್ಪ?"

"ಅದೇ ಗುರುತು ಅಕ್ಕಾ! ಬಾಗಿಲು ಪೂರಾ ಮುಚ್ಚಿಲ್ಲ ಅಂತ."

ಸುಜಾತ ಒಳಗಿಂದಲೇ ಹೇಳಿದಳು: "ಅತ್ತೆ, ಸುಮ್ನಿರಿ. ಬೇಡ ಅಂದ್ರೆ ಬೇಡ ಅಂತ ಅಷ್ಟೇ." ಕೊಳ್ಳೇಗಾಲದವರಿಗೆ ಎಲ್ಲವೂ ಸುಲಭ. ನಾನು ಎರಡು ದಿನ ನಿದ್ದೆ ಮಾಡಲಿಲ್ಲ. ಸೀರೆ ಕೊಡಲು ನನಗೆ ಮನಸ್ಸಿಲ್ಲ. ಮಗ್ಗದ ಮೇಲಿರುವುದು ಮುಂದಿನ ಆವಣಿ ತಿಂಗಳ ಮದುವೆಗಳಿಗೆ ವ್ಯಾಪಾರಿ ಹೇಳಿದ ಸೀರೆ, ನನ್ನದಲ್ಲ. ಕೊನೆಗೆ ಹಿತ್ತಲಿನ ನುಗ್ಗೆ ಮರದಿಂದ ಎಳೆಯ ಕಾಯಿಗಳನ್ನು ಕೀಳಿಸಿ ಕಟ್ಟು ಕಟ್ಟಿಕೊಂಡು ಆಫೀಸಿಗೆ ಹೋದೆ. ನುಗ್ಗೆಕಾಯಿ ಮರ ಕೊಟ್ಟದ್ದು, ಅದನ್ನು ಯಾರೂ ಲಂಚ ಎನ್ನಲಾರರು ಎಂದು ನನ್ನ ವಾದ. ಇಂಜಿನಿಯರಮ್ಮ ಮೇಜಿನ ಹತ್ತಿರ ಇರಲಿಲ್ಲ, ಮೇಜು ಇತ್ತು. ಅದರ ಮೇಲೆ ಇಟ್ಟು ಹಿಂದೆ ನೋಡದೆ ಬಂದೆ.

ಮರುದಿನ ನೀರು ಬಿಡುವ ಮನುಷ್ಯ ಸೈಕಲ್ಲಿನಲ್ಲಿ ಬೀದಿಗೆ ಬಂದ. ಅವನ ಸೈಕಲ್ಲಿನ ಮುಂದೆ ಉದ್ದಕ್ಕೂ ನನ್ನ ನುಗ್ಗೆಕಾಯಿ. ಬೀದಿಯ ಮೊದಲ ಮನೆಯಿಂದ ನಮ್ಮ ಮನೆಯವರೆಗೆ ಎಲ್ಲರಿಗೂ ಕೇಳುವ ಹಾಗೆ, "ಮಗ್ಗದ ಪಾಟಿ ಮನೆ ಯಾವುದು? ಮೇಡಂ ಇದನ್ನ ವಾಪಸ್ ಕೊಡೋಕೆ ಹೇಳಿದ್ರು!" ಎಂದು ಕೇಳುತ್ತಾ ಬಂದ. ನನ್ನ ಮನೆ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತು. ಸೀನಪ್ಪ ಜಗಲಿಯ ಮೇಲೇ ಕೂತಿದ್ದ. ನುಗ್ಗೆಕಾಯಿಯನ್ನು ನೋಡಿದ, ನನ್ನನ್ನು ನೋಡಿದ, ಟವೆಲ್ಲಿನಿಂದ ಮುಖ ಒರೆಸಿಕೊಂಡ. ಗಂಡ ಸತ್ತಾಗಲೂ ಯಾರೂ ನನ್ನನ್ನು ಅಷ್ಟು ಕರುಣೆಯಿಂದ ನೋಡಿರಲಿಲ್ಲ. ಮಲ್ಲೇಶ ಮಗ್ಗ ನಿಲ್ಲಿಸಿ, "ಅಮ್ಮಾ, ನೀನು ಇನ್ನ ಆಫೀಸ್ ಕಡೆ ಹೋಗ್ಬೇಡ. ನಾನು ಗೆಳೆಯನಿಗೆ ಫೋನ್ ಮಾಡ್ತೀನಿ" ಎಂದ. ಅವತ್ತಿನ ನುಗ್ಗೆಕಾಯಿ ಸಾಂಬಾರನ್ನು ನಾನು ಮುಟ್ಟಲಿಲ್ಲ. ಅವರಿಬ್ಬರೂ ಚೆನ್ನಾಗಿಯೇ ತಿಂದರು.

ನಾನು ಎಲ್ಲವನ್ನೂ ಕೈಬಿಟ್ಟು ಕೂತಿದ್ದಾಗ ಆ ಹುಡುಗಿ ಮತ್ತೆ ಬಂದಳು. ಕರೆಯದೆ ಬಂದಳು. ಚರಂಡಿ ಎಲ್ಲೂ ಬಿರುಕು ಬಿಟ್ಟಿಲ್ಲ, ನೀರು ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷೆ ಮಾಡಬೇಕು ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಪಾಟಿ, ನಿಮ್ಮ ಮನೇಲಿ ನೂಲಿಗೆ ಹಾಕೋ ಬಣ್ಣ ಇದೆಯಾ? ಸ್ವಲ್ಪ ಬೇಕು" ಎಂದಳು.

"ಕೇಳಿದ್ಳು!" ಎಂದ ಸೀನಪ್ಪ, ಜಗಲಿಯಿಂದ ಇಳಿದೇ ಬಿಟ್ಟ.

ನನಗೆ ಆದ ಆನಂದವನ್ನು ಏನು ಹೇಳಲಿ. ಬಾಯಿಬಿಟ್ಟು ಕೇಳಿದಳಲ್ಲ! ಮಾವನ ಕಾಲದಲ್ಲಿ ನಾವೇ ನೂಲಿಗೆ ಬಣ್ಣ ಹಾಕುತ್ತಿದ್ದೆವು. ಈಗಲೂ ಅಂಚಿಗೆ ಬೇಕೆಂದು ಒಂದಿಷ್ಟು ಇಟ್ಟಿರುತ್ತೇವೆ. ರಾಣಿ ಬಣ್ಣದ ಡಬ್ಬಿಯನ್ನು, ಅಂದರೆ ಕಡು ಗುಲಾಬಿ, ಡಬ್ಬಿ ಸಮೇತ ತಂದು ಅವಳ ಕೈಲಿಟ್ಟೆ. "ಪೂರಾ ತಗೊಂಡು ಹೋಗಮ್ಮ" ಎಂದೆ. ಅವಳು ಒಂದು ಚಮಚದಷ್ಟು ಕಾಗದದ ಮೇಲೆ ಸುರಿದುಕೊಂಡು ಡಬ್ಬಿಯನ್ನು ವಾಪಸು ಕೊಟ್ಟಳು. "ಇಷ್ಟೇ ಸಾಕು. ತಿರುಪ್ಪೂರಿನ ಕಡೆ ಬಣ್ಣದ ನೀರು ಬಿಟ್ಟು ಹೊಳೆ ಕೆಟ್ಟಿರೋದೇ ಸಾಕಾಗಿದೆ" ಎಂದಳು. ಸೀನಪ್ಪ ಮತ್ತೆ ಜಗಲಿ ಹತ್ತಿ ಕೂತ.

ಅರ್ಧ ಬಣ್ಣವನ್ನು ಬಕೆಟ್ಟಿನಲ್ಲಿ ಕಲಸಿ ನಮ್ಮ ಮನೆಯ ಮುಂದಿನ ಚರಂಡಿಗೆ ಹಾಕಿಸಿದಳು. ಮಲ್ಲೇಶ ಗುಂಡಿಯ ಅಂಚಿನಲ್ಲಿ ಟಾರ್ಚು ಹಿಡಿದು ಕೂತ. ಗುಲಾಬಿ ನೀರು ಚರಂಡಿಯಲ್ಲಿ ಮೆರವಣಿಗೆಯ ಹಾಗೆ ಬೀದಿಯುದ್ದಕ್ಕೂ ಹೋಯಿತು. ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ನಮ್ಮ ಗುಂಡಿಯ ನೀರು ಮಾತ್ರ ಇದ್ದ ಹಾಗೆಯೇ ಇತ್ತು. ಬಹಳ ಹೊತ್ತು ಕಾದೆವು.

"ಚರಂಡಿ ನೀರಲ್ಲ ಇದು. ನೀವು ಮನೆ ನೀರು ಎಲ್ಲಿ ಚೆಲ್ಲುತ್ತೀರಿ ಪಾಟಿ?" ಎಂದು ಕೇಳಿದಳು.

ನಾನು ಹೆಮ್ಮೆಯಿಂದಲೇ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಮಗ್ಗದ ಕೋಣೆಯ ಗೋಡೆಯ ಹಿಂದೆ ಒಂದು ಜಾಗ. ನೂಲು ನೆನೆಸಿದ ತೊಟ್ಟಿಯನ್ನು ದಿನವೂ ಅಲ್ಲೇ ಕವುಚುತ್ತೇನೆ. "ನೋಡಮ್ಮ, ಒಂದು ಹನಿ ನಿಲ್ಲಲ್ಲ. ಎಷ್ಟು ಹುಯ್ದರೂ ಕುಡಿಯುತ್ತೆ. ಈ ಬೀದೀಲಿ ಇಂಥ ನೆಲ ಯಾರ ಮನೇಲೂ ಇಲ್ಲ" ಎಂದೆ.

"ಇಲ್ಲಿ ಮೊದಲು ಏನಿತ್ತು?"

"ನಮ್ಮ ಮಾವನ ಬಣ್ಣದ ತೊಟ್ಟಿ. ನೆಲದಲ್ಲಿ ಹೂತದ್ದು. ಆಮೇಲೆ ಕಲ್ಲುಮಣ್ಣು ತುಂಬಿ ಮುಚ್ಚಿದ್ವು."

ಅವಳು ಉಳಿದ ಬಣ್ಣವನ್ನು ನನ್ನ ನೂಲಿನ ತೊಟ್ಟಿಗೆ ಹಾಕಿ, ಕಲಸಿ, ಅಲ್ಲಿಯೇ ಕವುಚಿದಳು. ನೆಲ ಎಂದಿನಂತೆ ಗಟಗಟನೆ ಕುಡಿಯಿತು. ಈ ಸಲ ಟಾರ್ಚು ಹಿಡಿಯಲು ನಾನು ಮಲ್ಲೇಶನನ್ನು ಬಿಡಲಿಲ್ಲ. ಯಾರನ್ನೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಸೀರೆ ಎತ್ತಿ ಕಟ್ಟಿ ನಾನೇ ಗುಂಡಿಗೆ ಇಳಿದು ನಿಂತೆ. ಮೇಲೆ ಸುಜಾತ, ಮಲ್ಲೇಶ, ಇಂಜಿನಿಯರಮ್ಮ, ಬಾಗಿಲಲ್ಲಿ ಸೀನಪ್ಪ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನನಗೆ ಧೈರ್ಯ ಬಂತು. ಅವಳ ಕಡೆ ತಲೆಯೆತ್ತಿ ನನ್ನ ದೊಡ್ಡ ಗಂಟಲಿನಲ್ಲಿ ಶುರುಮಾಡಿದೆ: "ನೋಡ್ದ್ಯಾಮ್ಮ? ನಾನು ಮೊದಲಿಂದ ಹೇಳ್ತಾ ಇದ್ದೀನಿ, ನಮ್ಮ ಮನೆ ನೀರು ಹೀಗೆಲ್ಲ ಮಾಡೋದಲ್ಲ, ಇದು ನಿಮ್ಮ ಮೋರಿ, ನೀವು ಬಡವರ ಮನೆಗೆ..."

"ಅತ್ತೆ," ಎಂದಳು ಸುಜಾತ. "ಕಾಲು ನೋಡ್ಕೊಳ್ಳಿ."

ನೋಡಿಕೊಂಡೆ. ಗುಂಡಿಯ ಹಿಂದಿನ ಗೋಡೆಯ ಸಂದಿನಿಂದ ರಾಣಿ ಬಣ್ಣ ನಿಧಾನವಾಗಿ, ಯಾವ ಸಂಕೋಚವೂ ಇಲ್ಲದೆ ಇಳಿದು ಬರುತ್ತಿತ್ತು. ನನ್ನ ಎರಡು ಪಾದಗಳೂ ಮದುಮಗಳ ಪಾದದ ಹಾಗೆ ಆಗಿದ್ದವು. ಸೀನಪ್ಪ ಬಾಗಿಲಿಂದಲೇ, "ಕಲರ್ ಚೆನ್ನಾಗಿ ಹಿಡಿದಿದೆ ಅಕ್ಕಾ" ಎಂದ. ಇಂಜಿನಿಯರಮ್ಮ ಗೋಡೆಯ ಕಡೆ ತಿರುಗಿ ಅಳತೆ ಟೇಪನ್ನು ಸುತ್ತಿದಳು. ಅವಳ ಬೆನ್ನು ಅಲುಗುತ್ತಿತ್ತು. ಮುಂದಕ್ಕೆ ತಿರುಗಿದಾಗ ಮುಖ ಸರಿಯಾಗಿತ್ತು. ಸಮಾಧಾನವಾಗಿ ವಿವರಿಸಿದಳು. ಮೊದಲು ನೀರು ಹೊತ್ತು ತರುತ್ತಿದ್ದ ಕಾಲದಲ್ಲಿ ನೀವು ಚೆಲ್ಲುತ್ತಿದ್ದದ್ದು ಒಂದು ಚೊಂಬು, ನೆಲ ಅದನ್ನು ತಡೆದುಕೊಂಡಿತು. ನಲ್ಲಿ ಬಂದ ಮೇಲೆ ತೊಟ್ಟಿಗಟ್ಟಲೆ ಚೆಲ್ಲುತ್ತಿದ್ದೀರಿ. ಹಳೆಯ ತೊಟ್ಟಿ ತುಂಬಿ ಗುಂಡಿಗೆ ದಾರಿ ಮಾಡಿಕೊಂಡಿದೆ. ಅಷ್ಟೇ.

ಆಮೇಲೆ ರಾಟೆಯ ಮುಂದೆ ಕೂತು ನಾನು ಇದನ್ನು ಯೋಚಿಸಿದ್ದೇನೆ. ಅವತ್ತು ಅವಳು ರವಿಕೆ ಬಟ್ಟೆ ತೆಗೆದುಕೊಂಡಿದ್ದರೆ ಏನಾಗುತ್ತಿತ್ತು? ನಾನು ಹೇಳಿದ್ದಕ್ಕೆ ಹೂಂ ಎನ್ನಬೇಕಾಗುತ್ತಿತ್ತು. ಬಟ್ಟೆ ಕೊಟ್ಟ ಮುದುಕಿಯ ಮುಖ ನೋಡಿ, ತಪ್ಪು ನಿನ್ನದೇ ಎಂದು ಹೇಳುವುದು ಹೇಗೆ? ಆ ಹಳೆಯ ಓವರ್‌ಸಿಯರ್ ಆಗಿದ್ದರೆ ಖುಷಿಯಾಗಿ ಬೀದಿಯನ್ನೆಲ್ಲ ಅಗೆಸಿ ಚರಂಡಿ ಒಡೆಸುತ್ತಿದ್ದ. ಎದುರು ಮನೆಯವರು ಬಾಗಿಲು ದಾಟಲು ಹಲಗೆ ಹಾಕಿಕೊಳ್ಳಬೇಕಾಗುತ್ತಿತ್ತು. ನಾನು ತೊಟ್ಟಿ ಕವುಚುತ್ತಲೇ ಇರುತ್ತಿದ್ದೆ, ಗುಂಡಿ ತುಂಬುತ್ತಲೇ ಇರುತ್ತಿತ್ತು, ಮಗ ತಿರುಪ್ಪೂರಿನಲ್ಲಿ ಇರುತ್ತಿದ್ದ. ಏನನ್ನೂ ತೆಗೆದುಕೊಳ್ಳದವರ ಬಾಯಿ ಅವರದೇ ಆಗಿರುತ್ತದೆ. ಅದೇ ಅವರಲ್ಲಿರುವ ತೊಂದರೆ.

ಮಲ್ಲೇಶ ಮೇಸ್ತ್ರಿಯನ್ನು ಕರೆಸಿ ಹಳೆಯ ತೊಟ್ಟಿಯನ್ನು ಅಗೆದು, ತುಂಬಿ, ಸಿಮೆಂಟು ಬಳಿಸಿದ. ಹಿತ್ತಲಿನ ನೀರು ಹೋಗಲು ಕೊಳವೆ ಹಾಕಿ ಬೀದಿಯ ಚರಂಡಿಗೆ ಸೇರಿಸಬೇಕಿತ್ತು. ಅದಕ್ಕೆ ಪಂಚಾಯಿತಿಯಿಂದ ಆಳು ಬಂದು ಕಲ್ಲು ಎತ್ತಿ ದಾರಿ ಮಾಡಿಕೊಟ್ಟು, ಕಲ್ಲನ್ನು ಹಾಗೆಯೇ ಕೂರಿಸಿ ಹೋದ. ಅವನೂ ಕಾಫಿ ಕುಡಿಯಲಿಲ್ಲ. ಆ ಹುಡುಗಿ ಆಫೀಸನ್ನೆಲ್ಲ ಕೆಡಿಸಿಟ್ಟಿದ್ದಾಳೆ. ಗುಂಡಿಯ ನೀರನ್ನು ಬಳಿದು ಹಾಕಿ, ಬೂದಿ ಹರಡಿ ಬಿಟ್ಟೆವು. ಮೊದಲು ಕೆಸರು ಬಿರಿಯಿತು, ಆಮೇಲೆ ನೆಲ ಬೆಳ್ಳಗಾಯಿತು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಇದ್ದಾಗ ಒಳಗಿಂದ ಮಗ್ಗದ ಸದ್ದು ಬಂತು, ಒಣ ಹಲಗೆಯ ಸದ್ದು. ಸುಜಾತ ನನ್ನ ಬೆನ್ನ ಹಿಂದೆ ಏನೋ ಗೊಣಗಿದಳು. ಕೇಳಿಸಲಿಲ್ಲ. ಅಷ್ಟು ನೆಮ್ಮದಿಯಾಗಿ ನಾನು ಕೂತು ಎಷ್ಟು ಕಾಲವಾಗಿತ್ತೋ. ಮಲ್ಲೇಶ ಗೆಳೆಯನಿಗೆ ಫೋನ್ ಮಾಡಿ, ಸದ್ಯಕ್ಕೆ ಬರಲ್ಲ, ಆವಣಿ ಸೀರೆ ಇದೆ ಎಂದು ಹೇಳಿದ್ದೂ ಸದ್ದಿನ ನಡುವೆಯೇ ಕೇಳಿಸಿತು. ಆ ಒಂದು ಮಾತು ಮಾತ್ರ ಹೇಗೋ ಚೆನ್ನಾಗಿ ಕೇಳಿಸಿತು.

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಆಗ ಆಫೀಸಿನಿಂದ ಫೋನು. ದೂರು ಕೊಟ್ಟವರೇ ಬಂದು ಸರಿಹೋಯಿತು ಎಂದು ಹೇಳಬೇಕಂತೆ. ಇಲ್ಲದಿದ್ದರೆ ಆ ಹುಡುಗಿಯ ಹೆಸರಿನ ಮುಂದೆ ಕೆಲಸ ಬಾಕಿ ಎಂದೇ ಇರುತ್ತದಂತೆ. ಮಲ್ಲೇಶನನ್ನು ಕಳುಹಿಸೋಣ ಎಂದರೆ ಅವನು ಮಗ್ಗದಿಂದ ಏಳಲೊಲ್ಲ. ಅವಳಿಗೆ ನನ್ನಿಂದ ಕೆಟ್ಟ ಹೆಸರು ಬರುವುದು ಸರಿಯಲ್ಲವೆಂದು ನಾನೇ ಹೊರಟೆ. ತೊಂದರೆ ಏನೆಂದರೆ, ನಮ್ಮ ಮಾವನ ಮನೆಯ ಬಣ್ಣ ಸುಲಭಕ್ಕೆ ಬಿಡುವುದಿಲ್ಲ. ಸೀಗೆಪುಡಿ, ನಿಂಬೆಹಣ್ಣು, ಸೀಮೆಎಣ್ಣೆ ಎಲ್ಲ ಹಾಕಿ ಉಜ್ಜಿದ್ದೆ. ಪಾದದ ಚರ್ಮ ಹೋಯಿತು, ಬಣ್ಣ ಉಳಿಯಿತು. ಸೀರೆಯನ್ನು ಎಷ್ಟು ಕೆಳಕ್ಕೆ ಎಳೆದುಕೊಳ್ಳಬಹುದೋ ಅಷ್ಟು ಎಳೆದುಕೊಂಡು, ಬಸ್ಸಿನಲ್ಲಿ ಕಾಲನ್ನು ಸೀಟಿನ ಅಡಿಗೆ ಮಡಚಿಕೊಂಡು ಹೋದೆ.

ಆಫೀಸಿನಲ್ಲಿ ಅದೇ ಗುಮಾಸ್ತ. ನನ್ನನ್ನು ಕಂಡ ಕೂಡಲೇ ಅವನ ಕೈ ತಾನಾಗಿಯೇ ಕಿವಿಯ ಕಡೆ ಹೋಯಿತು. ನಾನು ಮೆಲ್ಲಗೆ, ನೀರು ನಿಂತಿತು, ಬರೆದುಕೊಳ್ಳಪ್ಪ ಎಂದೆ. ಅವನು ಕೈ ಇಳಿಸಿ ನಂಬಲಾರದೆ ನೋಡಿದ. ಬರೆದುಕೊಳ್ಳುತ್ತಾ, "ಸಂತೋಷ ಪಾಟಿ. ನೀರು ಎಲ್ಲಿಂದ ಬರ್ತಿತ್ತು ಕಡೆಗೆ? ಕಾರಣ ಅಂತ ಒಂದು ಜಾಗ ಇದೆ, ತುಂಬಬೇಕು" ಎಂದ. ಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ. ಸೀರೆಯ ಅಂಚನ್ನು ನಾಲ್ಕು ಬೆರಳು ಮೇಲಕ್ಕೆ ಎತ್ತಿ ಹಿಡಿದು ನಿಂತೆ. ಅಷ್ಟು ಸಲ ಹೋಗಿ ಬಾಯಲ್ಲಿ ಕೂಗಿ ಬಂದದ್ದನ್ನೆಲ್ಲ ಕಾಲಿನಿಂದ ವಾಪಸು ತೆಗೆದುಕೊಂಡು ಮನೆಗೆ ಬಂದೆ.